ಕಥೆಪುಸ್ತಕಗಳ ಮೂಲಕ ಎಳೆಯ ಮಕ್ಕಳಿಗೆ ಮನೆಯಲ್ಲೇ ಸ್ಪ್ಯಾನಿಷ್



ಅಮೇರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ನಮ್ಮ ಮನೆಯಿಂದ ಪ್ರತಿ ಶನಿವಾರ ರಾತ್ರಿ ಊರಿಗೆ ಫೋನು ಹೋಗುತ್ತದೆ. ಅಲ್ಲಿ ಆಗ ಭಾನುವಾರದ ಬೆಳಿಗ್ಗೆ, ಅಜ್ಜಿ ಇಗರ್ಜಿಗೆ ಹೊರಡುವ ಹೊತ್ತು. ಮೂರು ವರ್ಷಗಳ ಹಿಂದೆ ಅಂತಹ ಒಂದು ಫೋನಿನಲ್ಲಿ, ಪರಿಚಯದವರ ಕೈಯಲ್ಲಿ ಹಲಸಿನ ಹಪ್ಪಳ ಕಳಿಸಿದ್ದೇನೆ ಎಂದು ಅಜ್ಜಿ ಮೊಮ್ಮಗಳಿಗೆ ಹೇಳಿದರು. ಅಜ್ಜಿಗೆ ಏನು ಹೇಳಬೇಕು ಎಂದು ನಾವು ಮಗಳನ್ನು ಕೇಳಿದೆವು. ನಮ್ಮ ಮನೆಮಾತು ಕೊಂಕಣಿ. 'ದೇವ್ ಬರೆಂ ಕರುಂ' ಎಂಬ ಮಾತು ಅವಳ ಬಾಯಿಂದ ಬರಬೇಕಿತ್ತು. ಆದರೆ ಮೂರು ವರ್ಷದ ಮಗು ಬಹಳ ಖುಷಿಯಿಂದ 'ಗ್ರಾಸಿಯಾಸ್' ಎಂದಿತು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಬಳಿಕ ಅಜ್ಜಿ, "ಅದು ಯಾವ ಭಾಷೆ?" ಎಂದು ಕೇಳಿದರು.

ಅದು ಸ್ಪ್ಯಾನಿಷ್. ಅರ್ಥ ಅದೇ, ಧನ್ಯವಾದ. ಅಜ್ಜಿಗೆ ಅದನ್ನು ವಿವರಿಸಿದೆವು, ಅವರು ನಕ್ಕರು. ಆದರೆ ಆ ಮೌನ ನಮ್ಮ ಮನಸ್ಸಿನಿಂದ ಹೋಗಲಿಲ್ಲ. ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕರಾವಳಿಯ ಹಲವು ಕುಟುಂಬಗಳಿಗೂ, ಊರಿನಲ್ಲಿ ಕುಳಿತು ಮೊಮ್ಮಕ್ಕಳ ಮಾತಿಗೆ ಕಾಯುವ ಹಿರಿಯರಿಗೂ ಇಂತಹದೇ ಪ್ರಶ್ನೆ ಇದೆ ಎಂದು ತಿಳಿದಿದ್ದರಿಂದ, ನಾವು ಮಾಡಿದ್ದನ್ನೂ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಸ್ಪ್ಯಾನಿಷ್ ಏಕೆ ಎಂದು ಮೊದಲು ಹೇಳಬೇಕು. ಪ್ರಪಂಚದಲ್ಲಿ ಸುಮಾರು 50 ಕೋಟಿ ಜನರಿಗೆ ಅದು ಮಾತೃಭಾಷೆ. ಅಮೇರಿಕ ದೇಶವೊಂದರಲ್ಲೇ 4 ಕೋಟಿಗೂ ಹೆಚ್ಚು ಜನರು ಅದನ್ನು ಮನೆಯಲ್ಲಿ ಆಡುತ್ತಾರೆ. ಟೆಕ್ಸಾಸ್ 1836ರ ವರೆಗೆ ಮೆಕ್ಸಿಕೊ ದೇಶದ ಭಾಗವೇ ಆಗಿತ್ತು. ಇಂದಿಗೂ ಇಲ್ಲಿನ ಹತ್ತು ಜನರಲ್ಲಿ ಸುಮಾರು ನಾಲ್ವರು ಹಿಸ್ಪಾನಿಕ್ ಮೂಲದವರು. ನಾವು ಹೋಗುವ ಇಗರ್ಜಿಯಲ್ಲಿ ಭಾನುವಾರ ಇಂಗ್ಲಿಷ್ ಪೂಜೆಯೂ ಇದೆ, ಸ್ಪ್ಯಾನಿಷ್ ಪೂಜೆಯೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ನಾವಿಬ್ಬರೂ ಕೆಲಸಕ್ಕೆ ಹೋಗುವಾಗ ಮಗಳನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಬೀದಿಯ ಒಬ್ಬ ಮೆಕ್ಸಿಕನ್ ಅಜ್ಜಿ. ಸ್ಪ್ಯಾನಿಷ್‌ನಲ್ಲಿ ಅಜ್ಜಿಗೆ 'ಅಬ್ವೇಲಾ' ಎನ್ನುತ್ತಾರೆ, ನಾವೂ ಹಾಗೆಯೇ ಕರೆಯುತ್ತೇವೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಮಗಳು ಅವರೊಡನೆ ಮಾತಾಡಬೇಕಾದರೆ ಅವರ ಭಾಷೆಯೇ ಆಗಬೇಕು. ಹಾಗಾಗಿ ಅವಳಿಗೆ ಎರಡೂವರೆ ವರ್ಷವಾದಾಗ ಗ್ರಂಥಾಲಯದಿಂದ ಸ್ಪ್ಯಾನಿಷ್ ಚಿತ್ರಪುಸ್ತಕಗಳನ್ನು ತರತೊಡಗಿದೆವು. ಇಲ್ಲಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಅವುಗಳಿಗೆಂದೇ ಒಂದು ಕಪಾಟು ಇರುತ್ತದೆ, ಕಾಸು ಖರ್ಚಿಲ್ಲ.

ಪುಸ್ತಕವೇ ಏಕೆ, ಟಿವಿಯಲ್ಲಿ ಬೇಕಾದಷ್ಟು ಕಾರ್ಯಕ್ರಮಗಳಿವೆಯಲ್ಲ ಎಂದು ಕೇಳಿದವರಿದ್ದಾರೆ. ಇದಕ್ಕೆ ಒಂದು ಒಳ್ಳೆಯ ಉತ್ತರ 2003ರಲ್ಲೇ ಸಿಕ್ಕಿದೆ. ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ಯಾಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೇರಿಕನ್ ಶಿಶುಗಳಿಗೆ ಚೀನೀ ಭಾಷೆಯನ್ನು ಕೇಳಿಸಿದರು. ಒಂದು ಗುಂಪಿನ ಮಕ್ಕಳ ಎದುರು ಚೀನೀ ಮಾತಾಡುವವರು ನೆಲದ ಮೇಲೆ ಕುಳಿತು ಪುಸ್ತಕ ಓದಿದರು, ಆಟಿಕೆ ತೋರಿಸಿ ಆಡಿಸಿದರು. ಇನ್ನೊಂದು ಗುಂಪಿಗೆ ಅದೇ ಜನರ ಅದೇ ಮಾತನ್ನು ಟಿವಿ ಪರದೆಯಲ್ಲಿ ತೋರಿಸಿದರು. ಹನ್ನೆರಡು ಬಾರಿ ಹೀಗೆ ಮಾಡಿದ ಮೇಲೆ ಪರೀಕ್ಷಿಸಿದಾಗ ಮೊದಲ ಗುಂಪಿನ ಮಕ್ಕಳು ಆ ಭಾಷೆಯ ಸೂಕ್ಷ್ಮ ಧ್ವನಿಗಳನ್ನು ಗುರುತಿಸಿದರು. ಪರದೆ ನೋಡಿದ ಮಕ್ಕಳು ಏನನ್ನೂ ಕಲಿತಿರಲಿಲ್ಲ. ಎಳೆಯ ಮಗುವಿಗೆ ಭಾಷೆ ಬರುವುದು ಮನುಷ್ಯರಿಂದ. ಪುಸ್ತಕ ಮಾಡುವ ಕೆಲಸ ಇಷ್ಟೇ: ಒಬ್ಬ ಮನುಷ್ಯನನ್ನೂ ಒಂದು ಮಗುವನ್ನೂ ಹತ್ತು ನಿಮಿಷ ಒಂದೇ ಕಡೆ ಕೂರಿಸುತ್ತದೆ.

ಇನ್ನೊಂದು ಸಂಶೋಧನೆ ನಮ್ಮ ಭಾಷೆಗಳಿಗೆ ಹತ್ತಿರದ್ದು. 1984ರಲ್ಲಿ ಕೆನಡಾದ ಜ್ಯಾನೆಟ್ ವರ್ಕರ್ ಅವರು ಹಿಂದಿಯ 'ತ' ಮತ್ತು 'ಟ' ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿದರು. ಆರೆಂಟು ತಿಂಗಳ ಶಿಶುಗಳಿಗೆ ವ್ಯತ್ಯಾಸ ತಿಳಿಯುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಬಹುಪಾಲು ಮಕ್ಕಳಿಗೆ ಎರಡೂ ಒಂದೇ ಆಗಿ ಕೇಳತೊಡಗಿತು. ಮನೆಯಲ್ಲಿ ಕೇಳದ ಧ್ವನಿಯನ್ನು ಕಿವಿ ಅಷ್ಟು ಬೇಗ ಕೈಬಿಡುತ್ತದೆ. ವಯಸ್ಸಾದ ಮೇಲೆ ಕಲಿಯಲು ಸಾಧ್ಯವೇ ಇಲ್ಲವೆಂದು ಇದರ ಅರ್ಥವಲ್ಲ, ಕಷ್ಟ ಹೆಚ್ಚು ಅಷ್ಟೇ.

ಈ ವಿಷಯದಲ್ಲಿ ಕನ್ನಡ, ಕೊಂಕಣಿ, ತುಳು ಆಡುವ ಮನೆಯವರಿಗೆ ದೊಡ್ಡ ಅನುಕೂಲವಿದೆ. ಸ್ಪ್ಯಾನಿಷ್ ಬರೆದಂತೆ ಓದುವ ಭಾಷೆ. ಅದರ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉ. ಅದರ 'ತ' ಮತ್ತು 'ದ' ನಮ್ಮವೇ. ಇಂಗ್ಲಿಷಿನವರಿಗೆ ಅವು ಕಷ್ಟ. ತಲೆಯ ಮೇಲೆ ಅಲೆಯಂತಹ ಗೆರೆ ಇರುವ ಅವರ ಅಕ್ಷರವೊಂದಿದೆ, ಅದು ನಮ್ಮ 'ಞ'. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಆ 'ಞ' ಅಲ್ಲಿ ಮಗು ಎಂಬ ಅರ್ಥದ 'ನಿಞೊ' ಪದದಲ್ಲಿ ದಿನವಿಡೀ ದುಡಿಯುತ್ತದೆ. 'ಪೆರೊ' ಎಂದರೆ ಆದರೆ, 'ಪೆರ್ರೊ' ಎಂದರೆ ನಾಯಿ. ಇದನ್ನು ಕನ್ನಡ ಲಿಪಿಯಲ್ಲಿ ಬರೆದರೆ ಯಾರೂ ತಪ್ಪಿ ಓದಲಾರರು. ಹಿರಿಯರಿಗೂ ಅಪರಿಚಿತರಿಗೂ 'ಉಸ್ತೆದ್', ಗೆಳೆಯರಿಗೆ 'ತು' ಎಂದು ನೀವು-ನೀನು ಭೇದವೂ ಇದೆ. ಮೇಜಿಗೂ ಚಂದ್ರನಿಗೂ ಸ್ತ್ರೀಲಿಂಗ ಏಕೆ ಎಂದು ಕನ್ನಡದವರು ಕೇಳಬಹುದು, ಕೊಂಕಣಿಯವರು ಕೇಳುವುದಿಲ್ಲ. ವಸ್ತುಗಳಿಗೂ ಲಿಂಗ ಹಚ್ಚಿ ಮಾತಾಡುವ ಅಭ್ಯಾಸ ನಮಗೆ ಮೊದಲೇ ಇದೆ.

ಅದಲ್ಲದೆ ಪೋರ್ಚುಗೀಸರು ಕರಾವಳಿಯಲ್ಲಿ ಬಿಟ್ಟುಹೋದ ಪದಗಳ ಅಕ್ಕತಂಗಿಯರು ಸ್ಪ್ಯಾನಿಷ್‌ನಲ್ಲಿ ಸಿಗುತ್ತಾರೆ. ಮೇಜು ಅಲ್ಲಿ 'ಮೇಸಾ', ಬಾಲ್ದಿ 'ಬಾಲ್ದೆ', ಪಾದ್ರಿ 'ಪಾದ್ರೆ', ಸಾಬೂನು 'ಹಾಬೊನ್', ಇಗರ್ಜಿ 'ಇಗ್ಲೇಸಿಯಾ'. ಆದರೆ ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. ಕೊಂಕಣಿಯಲ್ಲಿ ಕುರ್ಚಿಗೆ 'ಕದೆಲ್' ಎನ್ನುವ ನಾವು ಅಬ್ವೇಲಾ ಬಳಿ 'ಕಾದೇರಾ' ಎಂದರೆ ಅವರು ಸೊಂಟ ಮುಟ್ಟಿ ನೋಡಿಕೊಳ್ಳುತ್ತಾರೆ. ಪೋರ್ಚುಗೀಸ್ ಭಾಷೆಯ ಕುರ್ಚಿ ಸ್ಪ್ಯಾನಿಷ್‌ನಲ್ಲಿ ಸೊಂಟವಾಗಿದೆ.

ಇನ್ನು ಪುಸ್ತಕಗಳ ವಿಷಯ. ನಮ್ಮ ಮನೆಯಲ್ಲಿ ಮೊದಲು ಬಂದದ್ದು ಎರಿಕ್ ಕಾರ್ಲ್ ಅವರ ಹಸಿದ ಹುಳುವಿನ ಕಥೆ, 'ಲಾ ಒರೂಗಾ ಮುಯ್ ಅಂಬ್ರಿಯೆಂತಾ'. 1969ರಲ್ಲಿ ಇಂಗ್ಲಿಷಿನಲ್ಲಿ ಬಂದ ಈ ಪುಸ್ತಕ ಇಂದು ಹಲವು ಭಾಷೆಗಳಲ್ಲಿ ಇದೆ. ಒಂದು ಪುಟ್ಟ ಹುಳು ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್ ಹಣ್ಣು, ಹೀಗೆ ತಿನ್ನುತ್ತಾ ಹೋಗಿ ಕೊನೆಗೆ ಚಿಟ್ಟೆಯಾಗುತ್ತದೆ. ವಾರದ ದಿನ, ಎಣಿಕೆ, ಹಣ್ಣುಗಳ ಹೆಸರು ಎಲ್ಲವೂ ಒಂದೇ ಕಥೆಯೊಳಗೆ. ಹುಳು ಕೊರೆದ ತೂತು ಪುಟದಲ್ಲೇ ಇರುವುದರಿಂದ ಮಗು ಬೆರಳು ತೂರಿಸಿ ಎಣಿಸುತ್ತದೆ. ನಮ್ಮ ಮಗಳು ಉನೊ, ದೊಸ್, ತ್ರೆಸ್ ಕಲಿತದ್ದು ಬಾಯಿಗಿಂತ ಮೊದಲು ಬೆರಳಿನಲ್ಲಿ.

ಆ ಪುಸ್ತಕ ಓದುತ್ತಾ ನಮಗೇ ಒಂದು ವಿಷಯ ಹೊಳೆಯಿತು. ಸ್ಪ್ಯಾನಿಷ್‌ನಲ್ಲಿ ಸೋಮವಾರಕ್ಕೆ 'ಲೂನೆಸ್'. ಲೂನಾ ಎಂದರೆ ಚಂದ್ರ, ನಮ್ಮ ಸೋಮನೂ ಚಂದ್ರನೇ. 'ಮಾರ್ತೆಸ್' ಮಂಗಳ ಗ್ರಹದ್ದು, 'ಮಿಯೆರ್ಕೊಲೆಸ್' ಬುಧನದ್ದು, 'ಹ್ವೇವೆಸ್' ಗುರುವಿನದ್ದು, 'ವಿಯೆರ್ನೆಸ್' ಶುಕ್ರನದ್ದು. ಇಂಗ್ಲಿಷಿನ ಮಂಗಳವಾರದಿಂದ ಶುಕ್ರವಾರದವರೆಗಿನ ಹೆಸರುಗಳಲ್ಲಿ ಕಾಣದ ಗ್ರಹಗಳು ಇಲ್ಲಿ ನಮ್ಮ ಪಂಚಾಂಗದಂತೆಯೇ ಸಾಲಾಗಿ ನಿಂತಿವೆ. ಶನಿವಾರ ಮಾತ್ರ 'ಸಾಬಾದೊ', ಸಬ್ಬತ್ತಿನಿಂದ ಬಂದದ್ದು. ಭಾನುವಾರ 'ದೊಮಿಂಗೊ', ಪ್ರಭುವಿನ ದಿನ. ಇದನ್ನು ಮಗುವಿಗೆ ಈಗಲೇ ಹೇಳಿ ಪ್ರಯೋಜನವಿಲ್ಲ. ಆದರೆ ಓದುವ ಹೆತ್ತವರಿಗೆ ಖುಷಿಯಾದರೆ ಅದು ಧ್ವನಿಯಲ್ಲಿ ಗೊತ್ತಾಗುತ್ತದೆ.

ಎರಡನೆಯದು 'ಓಸೊ ಪಾರ್ದೊ', ಕಂದು ಕರಡಿಯ ಪುಸ್ತಕ. ಪುಟ ಪುಟದಲ್ಲೂ ಅದೇ ಪ್ರಶ್ನೆ, ಬೇರೆ ಪ್ರಾಣಿ, ಬೇರೆ ಬಣ್ಣ. ಹಿರಿಯರಿಗೆ ಬೇಸರ ಹುಟ್ಟಿಸುವ ಈ ಪುನರಾವರ್ತನೆಯೇ ಮಕ್ಕಳಿಗೆ ಬೇಕಾದದ್ದು. 2011ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸಿಕಾ ಹೋರ್ಸ್ಟ್ ಮತ್ತು ಸಂಗಡಿಗರು ಮೂರು ವರ್ಷದ ಮಕ್ಕಳಿಗೆ ಕಥೆ ಓದಿ ನೋಡಿದರು. ಹೊಸ ಪದಗಳು ಅಷ್ಟೇ ಬಾರಿ ಕೇಳಿಸಿದ್ದರೂ, ಬೇರೆ ಬೇರೆ ಕಥೆ ಕೇಳಿದ ಮಕ್ಕಳಿಗಿಂತ ಅದೇ ಕಥೆಯನ್ನು ಮತ್ತೆ ಮತ್ತೆ ಕೇಳಿದ ಮಕ್ಕಳು ಹೆಚ್ಚು ಪದಗಳನ್ನು ಕಲಿತರು. ನಿನ್ನೆಯ ಪುಸ್ತಕವನ್ನೇ ಮಗು ಇಂದೂ ತಂದರೆ ತಪ್ಪಿಸಿಕೊಳ್ಳಬೇಡಿ. ನಾವು ಒಂದು ಪುಸ್ತಕವನ್ನು ಮೂರು ವಾರ ಇಟ್ಟುಕೊಳ್ಳುತ್ತಿದ್ದೆವು.

ಓದುವ ಕ್ರಮದಲ್ಲಿ ನಾವು ಮೊದಲು ಮಾಡಿದ ತಪ್ಪು, ಪ್ರತಿ ಸಾಲಿಗೂ ಅರ್ಥ ಹೇಳಿದ್ದು. ಅರ್ಥ ಬರುತ್ತದೆ ಎಂದು ಗೊತ್ತಾದ ಮೇಲೆ ಮಗು ಸ್ಪ್ಯಾನಿಷ್ ಸಾಲನ್ನು ಕೇಳುವುದೇ ಇಲ್ಲ, ನಮ್ಮ ಭಾಷೆಗಾಗಿ ಕಾಯುತ್ತದೆ. ಚಿತ್ರಕ್ಕೆ ಬೆರಳಿಡಿ, ಮುಖದಲ್ಲಿ ತೋರಿಸಿ, ಅಳುವ ಕಡೆ ಅಳಿ. ಎರಡು ಭಾಷೆಗಳನ್ನು ಒಂದೇ ಪುಟದಲ್ಲಿ ಅಚ್ಚು ಹಾಕಿದ ಪುಸ್ತಕಗಳು ಸಿಗುತ್ತವೆ. ಅವು ನಮಗೆ ಅಷ್ಟು ಹಿಡಿಸಲಿಲ್ಲ, ದಣಿದ ರಾತ್ರಿ ನಮ್ಮ ಕಣ್ಣು ತಾನಾಗಿ ಇಂಗ್ಲಿಷಿನ ಕಡೆ ಜಾರುತ್ತಿತ್ತು. ಇದು ಏನು, ಅದು ಏನು ಎಂದು ಪರೀಕ್ಷೆ ಮಾಡುವುದೂ ಬೇಡ. ಮಗು ತಿಂಗಳುಗಟ್ಟಲೆ ಒಂದು ಪದವನ್ನೂ ಆಡದೆ ಕೇಳುತ್ತಲೇ ಇರಬಹುದು. ಎರಡು ಭಾಷೆ ಬೆರೆಸಿ ಮಾತಾಡಿದರೆ ಗಾಬರಿ ಬೇಡ. ಒಂದೇ ವಾಕ್ಯದಲ್ಲಿ ತುಳು, ಕನ್ನಡ, ಇಂಗ್ಲಿಷ್ ಬೆರೆಸುವ ನಾವು ಆ ವಿಷಯದಲ್ಲಿ ಮಕ್ಕಳನ್ನು ಗದರಿಸಲು ಅರ್ಹರೂ ಅಲ್ಲ.

ನಮ್ಮ ಉಚ್ಚಾರ ಸರಿಯಿಲ್ಲವಲ್ಲ ಎಂದು ಹಿಂಜರಿಯುವವರಿಗೆ ನಮ್ಮದೇ ಒಂದು ಕಥೆ ಹೇಳುತ್ತೇವೆ. ಅಡುಗೆಮನೆಯ ಚಿತ್ರಗಳಿದ್ದ ಒಂದು ಪುಸ್ತಕವನ್ನು ಅಬ್ವೇಲಾ ಎದುರು ಗಟ್ಟಿಯಾಗಿ ಓದುತ್ತಿದ್ದೆವು. ಸ್ಪ್ಯಾನಿಷ್‌ನಲ್ಲಿ 'ಲಾ ಪಾಪಾ' ಎಂದರೆ ಬಟಾಟೆ, 'ಎಲ್ ಪಾಪಾ' ಎಂದರೆ ಜಗದ್ಗುರುಗಳು, ಕೊನೆಯ ಅಕ್ಷರವನ್ನು ಒತ್ತಿ 'ಪಪಾ' ಎಂದರೆ ಅಪ್ಪ. ನಾವು ತಪ್ಪು ಕಡೆ ಒತ್ತಿ ಸೂಪಿಗೆ ಬಟಾಟೆಯ ಬದಲು ಅಪ್ಪನನ್ನು ಹಾಕಿಬಿಟ್ಟೆವು. ಅಬ್ವೇಲಾ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು, ಬಳಿಕ ಆ ಪುಟವನ್ನು ತಾವೇ ಓದಿದರು. ಅಂದಿನಿಂದ ಅದೇ ಕ್ರಮವಾಯಿತು. ಮಧ್ಯಾಹ್ನ ಅವರು ಓದುವುದು, ಸಂಜೆ ಅದೇ ಪುಸ್ತಕವನ್ನು ನಾವು ಓದುವುದು, ತಪ್ಪಿದಲ್ಲಿ ಮಗಳು ನಮ್ಮನ್ನು ತಿದ್ದುವುದು. ಅಮ್ಮನನ್ನೂ ಅಪ್ಪನನ್ನೂ ತಿದ್ದುವ ಅವಕಾಶ ಸಿಕ್ಕರೆ ಯಾವ ಮಗುವೂ ಬಿಡುವುದಿಲ್ಲ.

ಅನುವಾದಗಳು ಮಾತ್ರವಲ್ಲ, ಆ ಭಾಷೆಯಲ್ಲೇ ಹುಟ್ಟಿದ ಕಥೆಗಳೂ ಬೇಕು. ಅಬ್ವೇಲಾಗೆ ಬಾಯಿಪಾಠವಾಗಿದ್ದ ಒಂದು ಕಥೆ ಮಾರ್ತಿನಾ ಎಂಬ ಜಿರಳೆಯದ್ದು. ಅವಳನ್ನು ಮದುವೆಯಾಗಲು ಒಂದೊಂದೇ ಪ್ರಾಣಿ ಬಂದು ತನ್ನ ಧ್ವನಿ ಕೇಳಿಸುತ್ತದೆ, ಕೊನೆಗೆ ಪೇರೆಸ್ ಎಂಬ ಇಲಿ ಅವಳ ಮನಸ್ಸು ಗೆಲ್ಲುತ್ತದೆ. ಈ ಕಥೆ ಅಮೇರಿಕದಲ್ಲಿ ಪುಸ್ತಕವಾದದ್ದರ ಹಿಂದೆ ಪೂರಾ ಬೆಲ್ಪ್ರೆ ಎಂಬ ಮಹಿಳೆ ಇದ್ದಾರೆ. ಪೋರ್ಟೊ ರಿಕೊ ದ್ವೀಪದಿಂದ ಬಂದ ಅವರು 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. ತಮ್ಮ ಅಜ್ಜಿ ಹೇಳಿದ್ದ ಕಥೆಗಳು ಅಲ್ಲಿನ ಕಪಾಟುಗಳಲ್ಲಿ ಇಲ್ಲದ್ದನ್ನು ಕಂಡು, ವಲಸೆ ಬಂದ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಸ್ಪ್ಯಾನಿಷ್‌ನಲ್ಲೂ ಇಂಗ್ಲಿಷಿನಲ್ಲೂ ತಾವೇ ಹೇಳತೊಡಗಿದರು, ಬೊಂಬೆ ಮಾಡಿ ಆಡಿಸಿದರು. ಮಾರ್ತಿನಾಳ ಕಥೆ 1932ರಲ್ಲಿ ಪುಸ್ತಕವಾಯಿತು. ಅವರ ಹೆಸರಿನಲ್ಲಿ 1996ರಿಂದ ಮಕ್ಕಳ ಸಾಹಿತ್ಯಕ್ಕೆ ಒಂದು ಪ್ರಶಸ್ತಿಯೂ ಇದೆ. ಆ ಪ್ರಶಸ್ತಿಯ ಮುದ್ರೆ ಹೊದಿಕೆಯ ಮೇಲಿದ್ದರೆ ಪುಸ್ತಕ ಆರಿಸಲು ಸುಲಭ. ಮಾರ್ತಿನಾಳ ಕಥೆಯ ಕೊನೆ ಮಾತ್ರ ದುಃಖದ್ದು, ಇಲಿ ಪಾತ್ರೆಯೊಳಗೆ ಬೀಳುತ್ತದೆ. ನಮ್ಮ ಮಗಳು ಅತ್ತಳು. ಮರುದಿನ ಅದೇ ಕಥೆ ಬೇಕೆಂದು ಹಟ ಹಿಡಿದಳು.

ಈಗ ಮತ್ತೆ ಆ ಫೋನಿನ ಮಾತಿಗೆ ಬರುತ್ತೇವೆ. ಅಜ್ಜಿ ಸುಮ್ಮನಾದದ್ದನ್ನು ಅಬ್ವೇಲಾಗೆ ಹೇಳಿದಾಗ ಅವರು ನಗಲಿಲ್ಲ. ತಮ್ಮ ಸ್ವಂತ ಮೊಮ್ಮಕ್ಕಳ ಕಥೆ ಹೇಳಿದರು. ಅವರು ಸ್ಪ್ಯಾನಿಷ್‌ನಲ್ಲಿ ಕೇಳಿದರೆ ಮೊಮ್ಮಕ್ಕಳು ಉತ್ತರಿಸುವುದು ಇಂಗ್ಲಿಷಿನಲ್ಲಿ. ಇಷ್ಟು ಕೋಟಿ ಜನ ಆಡುವ ಭಾಷೆಗೂ ಈ ದೇಶದಲ್ಲಿ ಆಗುವುದು ಇದೇ: ಬಂದವರು ಆಡುತ್ತಾರೆ, ಅವರ ಮಕ್ಕಳು ಎರಡೂ ಆಡುತ್ತಾರೆ, ಮೊಮ್ಮಕ್ಕಳ ಕಾಲಕ್ಕೆ ಹೆಚ್ಚಿನ ಮನೆಗಳಲ್ಲಿ ಇಂಗ್ಲಿಷ್ ಒಂದೇ ಉಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ 1998ರಲ್ಲಿ ಮತ ಹಾಕಿಸಿ ಶಾಲೆಗಳಲ್ಲಿ ಎರಡು ಭಾಷೆಯ ಬೋಧನೆಗೆ ಕಟ್ಟು ಹಾಕಿದ್ದರು; ಅದನ್ನು ಸಡಿಲಿಸಲು 2016ರ ಮತದಾನದವರೆಗೆ ಕಾಯಬೇಕಾಯಿತು. ಅಬ್ವೇಲಾ ನಮ್ಮನ್ನು ಒಂದೇ ಪ್ರಶ್ನೆ ಕೇಳಿದರು. ನನ್ನ ಭಾಷೆಯ ಪುಸ್ತಕ ಓದುತ್ತೀರಿ, ನಿಮ್ಮ ಭಾಷೆಯ ಪುಸ್ತಕ ಯಾವುದು ಓದುತ್ತೀರಿ?

ನಮ್ಮ ಬಳಿ ಉತ್ತರ ಇರಲಿಲ್ಲ. ಕೊಂಕಣಿ ಮನೆಯಲ್ಲಿ ಆಡುತ್ತೇವಲ್ಲ, ಅಷ್ಟು ಸಾಕು ಎಂದುಕೊಂಡಿದ್ದೆವು. ಲೆಕ್ಕ ಹಾಕಿ ನೋಡಿದರೆ ನಾವು ಮಗಳೊಡನೆ ಆಡುತ್ತಿದ್ದ ಕೊಂಕಣಿ 'ಬಾ, ತಿನ್ನು, ಮಲಗು, ಬೇಗ' ಎಂಬಷ್ಟೇ. ರಾಜಕುಮಾರ, ಕಾಡು, ಮೋಸಗಾರ ನರಿ, ಮಳೆಗಾಲ, ಇವೆಲ್ಲ ಅವಳಿಗೆ ಸಿಗುತ್ತಿದ್ದದ್ದು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಪುಸ್ತಕಗಳಲ್ಲಿ. ಹಾಗಿರುವಾಗ ಧನ್ಯವಾದದ ಪದ ಅಲ್ಲಿಂದಲೇ ಬಂದದ್ದರಲ್ಲಿ ಆಶ್ಚರ್ಯವೇನು?

ಸ್ಪ್ಯಾನಿಷ್ ಬಿಟ್ಟುಬಿಡಿ ಎಂದು ಊರಿನಿಂದ ಸಲಹೆ ಬಂತು. ನಾವು ಬಿಡಲಿಲ್ಲ. ಮನೆಮಾತಿನ ಜಾಗವನ್ನು ನುಂಗುತ್ತಿದ್ದದ್ದು ದಿನಕ್ಕೆ ಹತ್ತು ನಿಮಿಷದ ಸ್ಪ್ಯಾನಿಷ್ ಅಲ್ಲ, ಉಳಿದ ಹೊತ್ತಿನ ಇಂಗ್ಲಿಷ್ ಮತ್ತು ಟಿವಿ. ಎರಡು ಮೂರು ಭಾಷೆ ಮಕ್ಕಳಿಗೆ ಭಾರವಲ್ಲವೆಂದು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರೇ ನಾವು. ಒಬ್ಬ ವ್ಯಕ್ತಿಗೆ ಒಂದು ಭಾಷೆ ಎಂಬ ನಿಯಮವನ್ನು ಕೆಲವರು ಹೇಳುತ್ತಾರೆ. ಫ್ರಾನ್ಸಿನ ಜೂಲ್ ರೊಂಜಾ ತಮ್ಮ ಮಗನನ್ನು ಹಾಗೆ ಬೆಳೆಸಿ 1913ರಲ್ಲಿ ಪುಸ್ತಕವನ್ನೇ ಬರೆದರು. ಇಬ್ಬರಿಗೂ ಮನೆಮಾತು ಒಂದೇ ಆಗಿರುವ ನಮಗೆ ಅದು ಹೊಂದಲಿಲ್ಲ. ಭಾಷೆಗೊಂದು ಹೊತ್ತು ಎಂದು ಮಾಡಿಕೊಂಡೆವು. ಹಗಲು ಸ್ಪ್ಯಾನಿಷ್, ರಾತ್ರಿ ಹಾಸಿಗೆಯ ಮೇಲಿನ ಕೊನೆಯ ಪುಸ್ತಕ ನಮ್ಮದು. ಆ ಕೊನೆಯ ಹೊತ್ತನ್ನು ಬೇರೆ ಯಾವ ಭಾಷೆಗೂ ಕೊಡುವುದಿಲ್ಲ.

ಪುಸ್ತಕಗಳಿಗೆ ಕಷ್ಟವಾಗಲಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಕನ್ನಡ, ಕೊಂಕಣಿ ಇದೆ, ಸ್ಪ್ಯಾನಿಷ್ ಕೂಡ ಇದೆ. ಕೆಲವು ಕಥೆಗಳಿಗೆ ಅದೇ ಚಿತ್ರದೊಂದಿಗೆ ಎರಡು ಭಾಷೆಯ ಪಠ್ಯ ಸಿಗುತ್ತದೆ. ಅಚ್ಚು ಹಾಕಿ ಹೊಲಿದು, ಒಂದನ್ನು ಅಬ್ವೇಲಾಗೆ ಕೊಟ್ಟು ಇನ್ನೊಂದನ್ನು ನಾವು ಇಟ್ಟುಕೊಂಡೆವು. ಊರಿನಿಂದ ಬರುವವರಿಗೆ ಉಪ್ಪಿನಕಾಯಿ ಬೇಡ, ಕನ್ನಡ ಕಥೆಪುಸ್ತಕ ತನ್ನಿ ಎಂದೆವು. ಎರಡನ್ನೂ ತಂದರು. ಕನ್ನಡ ಲಿಪಿ ಗೊತ್ತಾದರೆ ನಮ್ಮ ಕೊಂಕಣಿಯನ್ನೂ ಓದಬಹುದಾದ್ದರಿಂದ ಅಕ್ಷರಾಭ್ಯಾಸವೂ ಒಟ್ಟಿಗೇ ಆಯಿತು. ಫೋನಿನಲ್ಲಿ ಅಜ್ಜಿ ವಾರಕ್ಕೊಂದು ಕಥೆ ಹೇಳತೊಡಗಿದ್ದಾರೆ.

ಕಥೆಪುಸ್ತಕದಿಂದ ಆಗದ್ದನ್ನೂ ಹೇಳಬೇಕು. ನಾಲ್ಕು ವರ್ಷವಾದಾಗ ಮಗಳಿಗೆ ನೂರಾರು ಸ್ಪ್ಯಾನಿಷ್ ಪದ ಗೊತ್ತಿತ್ತು, ಆದರೆ ತಾನಾಗಿ ಒಂದು ವಾಕ್ಯ ಕಟ್ಟಲು ಬರುತ್ತಿದ್ದದ್ದು ಅಬ್ವೇಲಾ ಎದುರು ಮಾತ್ರ. ಪುಸ್ತಕ ಕಿವಿಯನ್ನು ಸಿದ್ಧಮಾಡುತ್ತದೆ, ನಾಲಿಗೆಗೆ ಜನ ಬೇಕು. ಆದ್ದರಿಂದಲೇ ಮಂಗಳೂರಿನಲ್ಲೋ ಉಡುಪಿಯಲ್ಲೋ ಇದ್ದು, ಸ್ಪ್ಯಾನಿಷ್ ಮಾತಾಡುವ ಒಬ್ಬರೂ ಸುತ್ತ ಇಲ್ಲದಿರುವಾಗ, ಮುಂದೆ ಉದ್ಯೋಗಕ್ಕೆ ಆಗಬಹುದೆಂದು ಮೂರು ವರ್ಷದ ಮಗುವಿಗೆ ಇದನ್ನು ಆರಂಭಿಸುವ ಅಗತ್ಯ ನಮಗೆ ಕಾಣುವುದಿಲ್ಲ. ಅಲ್ಲಿ ಆ ಹತ್ತು ನಿಮಿಷ ತುಳುವಿಗೆ ಕೊಡಿ, ಪಕ್ಕದ ಮನೆಯಲ್ಲೇ ಮಾತಾಡುವವರಿದ್ದಾರೆ.

ಈಗ ಅವಳಿಗೆ ಆರು ವರ್ಷ, ಮೊದಲ ಹಾಲುಹಲ್ಲು ಅಲುಗಾಡುತ್ತಿದೆ. ಸ್ಪೇನ್ ದೇಶದಲ್ಲಿ ಬಿದ್ದ ಹಲ್ಲನ್ನು ದಿಂಬಿನಡಿ ಇಟ್ಟರೆ ಪೇರೆಸ್ ಎಂಬ ಇಲಿ ಬಂದು ಒಯ್ಯುತ್ತದೆ ಎನ್ನುತ್ತಾರೆ. 1894ರಲ್ಲಿ ಎಂಟು ವರ್ಷದ ಬಾಲರಾಜ ಹದಿಮೂರನೆಯ ಅಲ್ಫೊನ್ಸೊನ ಹಲ್ಲು ಬಿದ್ದಾಗ, ಲೂಯಿಸ್ ಕೊಲೊಮಾ ಎಂಬ ಯೇಸುಸಭೆಯ ಗುರುಗಳು ಅವನಿಗಾಗಿ ಈ ಇಲಿಯ ಕಥೆ ಬರೆದುಕೊಟ್ಟರು. ಮಗಳಿಗೆ ಆ ಕಥೆ ಬಹಳ ಇಷ್ಟ. ಊರಿನಲ್ಲಿ ಹಲ್ಲನ್ನು ಹಂಚಿನ ಮಾಡಿನ ಮೇಲೆ ಎಸೆಯುತ್ತೇವೆ ಎಂದು ಅಜ್ಜಿ ಫೋನಿನಲ್ಲಿ ಹೇಳಿದ್ದಾರೆ. ನಾವಿರುವುದು ನಾಲ್ಕು ಮಹಡಿಯ ಕಟ್ಟಡದ ಎರಡನೆಯ ಮಹಡಿಯಲ್ಲಿ. ಮಾಡಿನವರೆಗೆ ಎಸೆಯುವವರು ಯಾರು, ಎಸೆದರೆ ಇಲಿಗೆ ಸಿಗುತ್ತದೆಯೇ ಎಂದು ಮೊನ್ನೆಯಿಂದ ಕೇಳುತ್ತಿದ್ದಾಳೆ, ಅಜ್ಜಿಯನ್ನು ಕೊಂಕಣಿಯಲ್ಲಿ, ಅಬ್ವೇಲಾ ಅವರನ್ನು ಸ್ಪ್ಯಾನಿಷ್‌ನಲ್ಲಿ.